ಸಂದರ್ಶಕರ ಸಂಖ್ಯೆ: ಎಣಿಕೆಗೆ ಸಿಗದ ಜನ

ಸರ್ಕಾರಿ ಜಾಲತಾಣಗಳ ಅಡಿಭಾಗದಲ್ಲಿ ‘ಒಟ್ಟು ಸಂದರ್ಶಕರು’ ಎಂಬ ಅಂಕಿಯೊಂದು ಏರುತ್ತಲೇ ಇರುತ್ತದೆ. ಪ್ರಗತಿ ಪರಿಶೀಲನಾ ಸಭೆಗಳಲ್ಲಿ ಅದೇ ಸಾಧನೆಯ ಪುರಾವೆಯಾಗುವುದೂ ಉಂಟು. ಅರ್ಥಶಾಸ್ತ್ರ ಓದಿ, ಆಡಳಿತದಲ್ಲಿ ದುಡಿದ ನನಗೆ ಈ ಅಂಕಿಯನ್ನು ಬಿಡಿಸಿ ನೋಡುವುದು ಅಗತ್ಯವೆನಿಸುತ್ತದೆ.

‘ಹಿಟ್’ ಎಂದರೆ ಓದುಗನಲ್ಲ, ಸರ್ವರಿಗೆ ಬಂದ ಒಂದು ಕೋರಿಕೆ. ಇಪ್ಪತ್ತು ಚಿತ್ರಗಳಿರುವ ಪುಟವನ್ನು ಒಬ್ಬರು ಒಮ್ಮೆ ತೆರೆದರೂ ಇಪ್ಪತ್ತೊಂದು ಹಿಟ್ ದಾಖಲಾಗಬಹುದು. ಇದಕ್ಕಿಂತ ‘ಪ್ರತ್ಯೇಕ ಸಂದರ್ಶಕ’ ಎಂಬ ಲೆಕ್ಕ ಮೇಲು. ಆದರೆ ಅದೂ ಸಾಮಾನ್ಯವಾಗಿ ಗುರುತಿಸುವುದು ಬ್ರೌಸರನ್ನು, ಮನುಷ್ಯನನ್ನಲ್ಲ. ಅಥಣಿಯ ಗ್ರಾಮ ಒನ್ ಕೇಂದ್ರವೊಂದರಲ್ಲಿ ನಲವತ್ತು ರೈತರು ಒಂದೇ ಗಣಕಯಂತ್ರದಿಂದ ಪಹಣಿ ಪಡೆದರೆ, ಲೆಕ್ಕದಲ್ಲಿ ಅವರೆಲ್ಲ ಒಬ್ಬರೇ ಆಗಬಹುದು. ಫೋನು, ಕಚೇರಿ ಯಂತ್ರ ಎರಡನ್ನೂ ಬಳಸುವ ಅಧಿಕಾರಿ ಮಾತ್ರ ಇಬ್ಬರಾಗುತ್ತಾರೆ.

ಊರಿನ ಲೆಕ್ಕವೂ ಅಂದಾಜಿನದೇ. ಅಂತರ್ಜಾಲ ಸಂಪರ್ಕದ ವಿಳಾಸದಿಂದ ಸ್ಥಳ ಊಹಿಸುವುದರಿಂದ ಕಾಗವಾಡದ ಓದುಗ ಬೆಂಗಳೂರಿನಲ್ಲೋ, ಗಡಿಯಾಚೆಯ ನಗರದಲ್ಲೋ ಕಾಣಿಸಿಕೊಳ್ಳಬಹುದು. 2018ರಲ್ಲಷ್ಟೇ ಪ್ರತ್ಯೇಕ ತಾಲ್ಲೂಕುಗಳಾದ ನಿಪ್ಪಾಣಿ, ಕಾಗವಾಡಗಳ ಬೇಡಿಕೆಯನ್ನು ಇಂಥ ನಕ್ಷೆಯಿಂದ ಅಳೆಯುವುದು ಅಪಾಯಕರ.

2019ರ ಆಗಸ್ಟ್ ಮತ್ತು 2021ರ ಜುಲೈ ಪ್ರವಾಹಗಳನ್ನು ನೆನೆಯೋಣ. ಕೊಯ್ನಾದಿಂದ, ರಾಜಾಪುರ ಬ್ಯಾರೇಜಿನಿಂದ ಎಷ್ಟು ಕ್ಯುಸೆಕ್ ನೀರು ಬರುತ್ತಿದೆ ಎಂಬುದು ಚಿಕ್ಕೋಡಿ, ರಾಯಬಾಗದ ನದಿತೀರದವರಿಗೆ ಜೀವನ್ಮರಣದ ಮಾಹಿತಿ. ಅಂಥ ರಾತ್ರಿ ಒಬ್ಬನೇ ಹತ್ತು ಬಾರಿ ಪುಟ ತೆರೆದರೆ ವೀಕ್ಷಣೆ ಹತ್ತಾಗುತ್ತದೆ. ಅದು ಪುಟದ ಜನಪ್ರಿಯತೆಯಲ್ಲ, ಅವನ ಆತಂಕ. ಇನ್ನು ವಿದ್ಯುತ್ತೂ ಮೊಬೈಲ್ ಸಂಪರ್ಕವೂ ಕಡಿದ ಹಳ್ಳಿಯ ವೀಕ್ಷಣೆ ಸೊನ್ನೆ. ಅಗತ್ಯ ಅತ್ಯಧಿಕವಾಗಿದ್ದಾಗಲೇ ಅಂಕಿ ಮೌನವಾಗುತ್ತದೆ.

2011ರ ಜನಗಣತಿಯಂತೆ ಬೆಳಗಾವಿ ಜಿಲ್ಲೆಯ ಸಾಕ್ಷರತೆ ಸುಮಾರು ಶೇ 73. ಓದಲಾಗದವರು, ಕನ್ನಡಕ್ಕಿಂತ ಮರಾಠಿಯಲ್ಲಿ ಸುಲಭವಾಗಿ ಓದುವವರು ಈ ಎಣಿಕೆಯಲ್ಲಿ ಎಲ್ಲಿದ್ದಾರೆ? ಭೇಟಿ ಹೆಚ್ಚಿತೆಂದು ನಾಡಕಚೇರಿಯ ಸಿಬ್ಬಂದಿಯನ್ನು ಕಡಿತಗೊಳಿಸಿದರೆ ಮೊದಲು ಪೆಟ್ಟು ಬೀಳುವುದು ಇವರಿಗೇ.

ಆದ್ದರಿಂದ ಇಲಾಖೆಗಳು ಸಂದರ್ಶಕರ ಸಂಖ್ಯೆಯ ಬದಲು ಬೇರೆ ಲೆಕ್ಕ ಪ್ರಕಟಿಸಲಿ: ಎಷ್ಟು ಅರ್ಜಿಗಳು ಆರಂಭವಾದವು, ಎಷ್ಟು ಅರ್ಧಕ್ಕೆ ನಿಂತವು, ಎಷ್ಟು ದಿನಗಳಲ್ಲಿ ವಿಲೇವಾರಿಯಾದವು. ಅರ್ಜಿದಾರರ ಗ್ರಾಮದ ಹೆಸರು ಅರ್ಜಿಯಲ್ಲೇ ಇರುವುದರಿಂದ ತಾಲ್ಲೂಕುವಾರು ಪಟ್ಟಿಗೆ ಊಹೆ ಬೇಕಿಲ್ಲ. ಪುಟ ತೆರೆದವರೆಷ್ಟು ಎಂಬುದಕ್ಕಿಂತ ಕೆಲಸ ಮುಗಿಸಿಕೊಂಡು ಹೋದವರೆಷ್ಟು ಎಂಬುದು ತಹಶೀಲ್ದಾರರ ಸಭೆಯ ಮೊದಲ ಪ್ರಶ್ನೆಯಾಗಬೇಕು.