ನೆಲ ನಿಜವಾಗಿಯೂ ಡೊಂಕಿದ್ದರೆ?

ನಮ್ಮ ಸಂಘದ ಕಾರ್ಯಕಾರಿ ಸಮಿತಿಯವರು ಮುಂದಿನ ತಿಂಗಳು ‘ಸಂತೋಷದ ಸೂತ್ರಗಳು’ ಎಂಬ ಒಂದು ದಿನದ ಶಿಬಿರವನ್ನು ಏರ್ಪಡಿಸಲಿದ್ದಾರೆಂದು ಕಳೆದ ಸಂಚಿಕೆಯ ಕೊನೆಯ ಪುಟದಲ್ಲಿ ಪ್ರಕಟವಾಗಿದೆ. ಸಕಾರಾತ್ಮಕ ಮನೋವಿಜ್ಞಾನದಲ್ಲಿ ನುರಿತ ಉಪನ್ಯಾಸಕರೊಬ್ಬರು ಮುಂಬಯಿಯಿಂದ ಬರುತ್ತಾರಂತೆ. ಸಭಾಂಗಣದ ಬಾಡಿಗೆ, ಅವರ ಸಂಭಾವನೆ, ಮಧ್ಯಾಹ್ನದ ಊಟ ಎಲ್ಲವೂ ಸಂಘದ್ದೇ. ಅದೇ ಪುಟದ ಬುಡದಲ್ಲಿ, ಇದಕ್ಕಿಂತ ಸಣ್ಣ ಅಕ್ಷರಗಳಲ್ಲಿ, ಕಾತ್ರಜದ ಸದಸ್ಯರು ಕೇಳಿಕೊಂಡಿದ್ದ ಭಾನುವಾರದ ಅರ್ಜಿ ಸಹಾಯ ಕೇಂದ್ರದ ವಿಚಾರವನ್ನು ‘ಹಣದ ಅಭಾವದಿಂದ’ ಮುಂದಿನ ವರ್ಷಕ್ಕೆ ಹಾಕಲಾಗಿದೆ ಎಂದೂ ಇದೆ. ಎರಡು ಸುದ್ದಿಗಳನ್ನೂ ಒಂದೇ ಪುಟದಲ್ಲಿ ಅಚ್ಚು ಹಾಕಿಸಿದ ಸಂಪಾದಕರಿಗೆ ಮೊದಲು ನನ್ನ ವಂದನೆಗಳು. ಈ ಲೇಖನವನ್ನೂ ಅವರು ಅಚ್ಚು ಹಾಕಿಸಿಯಾರೆಂದು ನಂಬಿದ್ದೇನೆ. ನನ್ನ ಆಶಾವಾದ ಸದ್ಯಕ್ಕೆ ಅಷ್ಟೇ.

ಈ ಶಾಸ್ತ್ರದ ಮೇಲೆ ನನಗೆ ಹಗೆತನವೇನೂ ಇಲ್ಲ. ಹೆಸರು ಹಳೆಯದು, ಅಮೆರಿಕದ ಮ್ಯಾಸ್ಲೋ ೧೯೫೪ರಲ್ಲೇ ತಮ್ಮ ಪುಸ್ತಕದಲ್ಲಿ ಅದನ್ನು ಬಳಸಿದ್ದರು. ೧೯೯೮ರಲ್ಲಿ ಅಲ್ಲಿಯ ಮನೋವಿಜ್ಞಾನಿಗಳ ಸಂಘಕ್ಕೆ ಅಧ್ಯಕ್ಷರಾದ ಮಾರ್ಟಿನ್ ಸೆಲಿಗ್‌ಮನ್ ಅದನ್ನು ಒಂದು ಶಾಖೆಯಾಗಿ ಬೆಳೆಸಿದರು. ಅವರ ವಾದ ಸರಳ: ಮನೋವಿಜ್ಞಾನ ಇಷ್ಟು ದಿನ ರೋಗವನ್ನೇ ನೋಡಿತು, ಮನುಷ್ಯ ಚೆನ್ನಾಗಿ ಬಾಳುವುದು ಹೇಗೆಂದು ನೋಡಲೇ ಇಲ್ಲ. ಈ ಮಾತಿನಲ್ಲಿ ತಪ್ಪೇನಿದೆ? ಅವರು ಹೇಳುವ ಅಭ್ಯಾಸಗಳೂ ಕೆಟ್ಟವಲ್ಲ. ರಾತ್ರಿ ಮಲಗುವ ಮುನ್ನ ಆ ದಿನ ನಡೆದ ಮೂರು ಒಳ್ಳೆಯ ಸಂಗತಿಗಳನ್ನು, ಅವು ಏಕೆ ನಡೆದವೆಂಬ ಕಾರಣಸಹಿತ ಬರೆಯುವುದು. ಉಪಕಾರ ಮಾಡಿದವರಿಗೆ ಒಂದು ಪತ್ರ ಬರೆದು, ಖುದ್ದಾಗಿ ಹೋಗಿ ಓದಿ ಹೇಳುವುದು. ತನ್ನ ಗುಣಬಲ ಯಾವುದೆಂದು ತಿಳಿದು ಅದನ್ನು ದಿನವೂ ಹೊಸ ರೀತಿಯಲ್ಲಿ ಬಳಸುವುದು. ೨೦೦೫ರಲ್ಲಿ ಸೆಲಿಗ್‌ಮನ್ ಮತ್ತು ಸಂಗಡಿಗರು ಇವನ್ನು ೫೭೭ ಜನರ ಮೇಲೆ ಪರೀಕ್ಷಿಸಿದರು. ಕೊನೆಯವರೆಗೆ ಉಳಿದವರು ೪೧೧. ಮೂರು ಸಂಗತಿ ಬರೆದವರ ಮತ್ತು ಗುಣಬಲ ಬಳಸಿದವರ ಮನಸ್ಸು ಆರು ತಿಂಗಳವರೆಗೂ ಹಗುರವಾಗಿತ್ತು. ಕೃತಜ್ಞತಾ ಪತ್ರದ ಹಿಗ್ಗು ಒಂದು ತಿಂಗಳಷ್ಟು ಕಾಲ ನಿಂತಿತು. ನನ್ನ ಮನೆಯಾಕೆ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟಗಳಲ್ಲಿ ಈ ಮೂರು ಸಂಗತಿಗಳನ್ನು ಬರೆಯುತ್ತಾಳೆ. ನಾನೂ ಆಗಾಗ ಕದ್ದು ಓದುತ್ತೇನೆ. ಒಂದು ನೋಟುಪುಸ್ತಕ, ಒಂದು ಪೆನ್ನು, ಹತ್ತು ನಿಮಿಷ. ಇದಕ್ಕೆ ಸಭಾಂಗಣ ಏಕೆ, ಸಂಭಾವನೆ ಏಕೆ?

ನನ್ನ ಜಗಳ ಶಾಸ್ತ್ರದೊಂದಿಗಲ್ಲ, ಅದನ್ನು ತಲೆಯ ಮೇಲೆ ಹೊತ್ತು ಮಾರುತ್ತಾ ಬರುವವರೊಂದಿಗೆ. ಅವರ ಬುಟ್ಟಿಯಲ್ಲಿ ಒಳ್ಳೆಯ ಸರಕಿನ ಜೊತೆಗೆ ಕೊಳೆತದ್ದೂ ಇರುತ್ತದೆ. ಬಿ.ಎಸ್‌ಸಿ.ಯಲ್ಲಿ ಗಣಿತ ಓದಿದ ಕಾರಣಕ್ಕೆ ಒಂದು ಉದಾಹರಣೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ‘ಒಂದು ಕೆಟ್ಟ ಭಾವನೆಗೆ ಮೂರು ಒಳ್ಳೆಯ ಭಾವನೆ ಇದ್ದರೆ ಮನುಷ್ಯ ಅರಳುತ್ತಾನೆ’ ಎಂದು ಈ ಉಪನ್ಯಾಸಗಳಲ್ಲಿ ಕೇಳಿರುತ್ತೀರಿ. ೨೦೦೫ರಲ್ಲಿ ಬಾರ್ಬರಾ ಫ್ರೆಡ್ರಿಕ್‌ಸನ್ ಮತ್ತು ಮಾರ್ಸಿಯಲ್ ಲೊಸಾಡಾ ಎಂಬಿಬ್ಬರು ಅದನ್ನು ೨.೯೦೧೩ ಎಂದು ನಾಲ್ಕು ದಶಮಾಂಶ ಸ್ಥಾನಗಳವರೆಗೆ ಲೆಕ್ಕ ಹಾಕಿ ಪ್ರಕಟಿಸಿದರು. ಮನುಷ್ಯನ ಹಿಗ್ಗು ಕುಗ್ಗಿನಲ್ಲಿ ದಶಮಾಂಶದ ನಾಲ್ಕನೆಯ ಸ್ಥಾನ! ಎಂಟು ವರ್ಷ ಇದನ್ನು ಯಾರೂ ಗಟ್ಟಿಯಾಗಿ ಪ್ರಶ್ನಿಸಲಿಲ್ಲ. ಕೊನೆಗೆ ಲಂಡನ್ನಿನಲ್ಲಿ ಬಿಡುವಿನ ವೇಳೆಯಲ್ಲಿ ಎಂ.ಎಸ್‌ಸಿ. ಓದುತ್ತಿದ್ದ, ಐವತ್ತರ ಆಸುಪಾಸಿನ ನಿಕ್ ಬ್ರೌನ್ ಎಂಬ ವಿದ್ಯಾರ್ಥಿಗೆ ಸಂಶಯ ಬಂತು. ಭೌತವಿಜ್ಞಾನಿ ಅಲನ್ ಸೋಕಲ್ ಮತ್ತು ಹ್ಯಾರಿಸ್ ಫ್ರೀಡ್‌ಮನ್ ಅವರನ್ನು ಜೊತೆಗೆ ಸೇರಿಸಿಕೊಂಡು ಅವರು ೨೦೧೩ರಲ್ಲಿ ತೋರಿಸಿಕೊಟ್ಟದ್ದು ಇಷ್ಟು: ಆ ಸಮೀಕರಣಗಳು ೧೯೬೩ರಲ್ಲಿ ಎಡ್ವರ್ಡ್ ಲೊರೆಂಜ್ ಎಂಬ ಹವಾಮಾನ ತಜ್ಞರು ಕೆಳಗಿನಿಂದ ಕಾಯಿಸಿದ ದ್ರವ ಹೇಗೆ ಸುಳಿಯುತ್ತದೆಂದು ತಿಳಿಯಲು ಬರೆದವು. ಅವರು ತಮ್ಮ ಲೆಕ್ಕದ ಅನುಕೂಲಕ್ಕೆ ಆರಿಸಿಕೊಂಡಿದ್ದ ಸಂಖ್ಯೆಗಳನ್ನೇ ಎತ್ತಿ ಮನುಷ್ಯನ ಮನಸ್ಸಿಗೆ ಅಂಟಿಸಲಾಗಿತ್ತು. ಪತ್ರಿಕೆ ಆ ಗಣಿತ ಭಾಗವನ್ನು ಅದೇ ವರ್ಷ ಹಿಂತೆಗೆದುಕೊಂಡಿತು. ಉಪನ್ಯಾಸಕರು ಮಾತ್ರ ಇನ್ನೂ ಹಿಂತೆಗೆದುಕೊಂಡಿಲ್ಲ.

‘ನಾನು ಪ್ರೀತಿಗೆ ಅರ್ಹ’ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುವ ಮಂತ್ರವೂ ಹಾಗೆಯೇ. ಕೆನಡಾದ ಜೋಆನ್ ವುಡ್ ಮತ್ತು ಸಂಗಡಿಗರು ೨೦೦೯ರಲ್ಲಿ ನೋಡಿದಾಗ, ತಮ್ಮ ಬಗ್ಗೆ ಮೊದಲೇ ಕೀಳಾಗಿ ಎಣಿಸಿಕೊಂಡವರಿಗೆ ಆ ಮಂತ್ರದಿಂದ ಇನ್ನಷ್ಟು ಕುಗ್ಗಿದಂತಾಯಿತು. ಯಾರಿಗೆ ಔಷಧಿ ಬೇಕೋ ಅವರಿಗೇ ಅದು ವಿಷ.

ಇವೆಲ್ಲ ಸಣ್ಣ ವಿಷಯಗಳು. ದೊಡ್ಡದಕ್ಕೆ ಬರುತ್ತೇನೆ. ಸೆಲಿಗ್‌ಮನ್ ಅವರಿಗೆ ಹೆಸರು ಬಂದದ್ದು ಸಂತೋಷದಿಂದಲ್ಲ, ನಾಯಿಗಳಿಂದ. ೧೯೬೭ರಲ್ಲಿ ಅವರೂ ಸ್ಟೀವನ್ ಮೇಯರ್ ಅವರೂ ನಾಯಿಗಳಿಗೆ ವಿದ್ಯುತ್ ಆಘಾತ ಕೊಟ್ಟು ನೋಡಿದರು. (ಕ್ರೂರವೇ ಸರಿ, ಆಗ ಅದು ನಡೆಯುತ್ತಿತ್ತು.) ಒಂದು ಗುಂಪಿನ ನಾಯಿಗಳು ಮೂತಿಯಿಂದ ಒಂದು ಹಲಗೆಯನ್ನು ಒತ್ತಿದರೆ ಆಘಾತ ನಿಲ್ಲುತ್ತಿತ್ತು. ಇನ್ನೊಂದು ಗುಂಪಿನವಕ್ಕೆ ಅಷ್ಟೇ ಆಘಾತ, ಆದರೆ ಏನು ಮಾಡಿದರೂ ಅದನ್ನು ನಿಲ್ಲಿಸಲು ಬರುತ್ತಿರಲಿಲ್ಲ. ಅನಂತರ ಎರಡನ್ನೂ ಒಂದು ಗಿಡ್ಡ ಅಡ್ಡಗೋಡೆಯ ಪೆಟ್ಟಿಗೆಯೊಳಗೆ ಬಿಟ್ಟರು. ಮೊದಲ ಗುಂಪಿನವು ಹಾರಿ ಆಚೆ ಹೋದವು. ಎರಡನೆಯ ಗುಂಪಿನ ಬಹುಪಾಲು ನಾಯಿಗಳು ಹಾರಬಹುದಾಗಿದ್ದರೂ ಹಾರದೆ ಕುಂಯ್‌ಗುಟ್ಟುತ್ತಾ ಅಲ್ಲೇ ಮಲಗಿಬಿಟ್ಟವು. ‘ಕಲಿತ ಅಸಹಾಯಕತೆ’ ಎಂದು ಇದಕ್ಕೆ ಹೆಸರಾಯಿತು.

ಈ ಕಥೆಯನ್ನು ಎಲ್ಲ ಉಪನ್ಯಾಸಕರೂ ಹೇಳುತ್ತಾರೆ, ಇಲ್ಲಿಗೇ ನಿಲ್ಲಿಸಿ, ‘ನೀವು ಮಲಗಬೇಡಿ, ಎದ್ದೇಳಿ!’ ಎಂದು ಚಪ್ಪಾಳೆ ಗಿಟ್ಟಿಸುತ್ತಾರೆ. ಮುಂದಿನ ಅರ್ಧವನ್ನು ಯಾರೂ ಹೇಳುವುದಿಲ್ಲ. ಆ ನಾಯಿಗಳು ಗುಣವಾದದ್ದು ಹೇಗೆ? ೧೯೬೮ರ ವರದಿಯಲ್ಲಿ ಅದೂ ಇದೆ. ಆಚೆ ಬದಿಯಿಂದ ಕರೆದರು, ಬರಲಿಲ್ಲ. ತಿಂಡಿಯ ಆಸೆ ತೋರಿಸಿದರು, ಏಳಲಿಲ್ಲ. ಕೊನೆಗೆ ಕುತ್ತಿಗೆಗೆ ಹಗ್ಗ ಕಟ್ಟಿ, ಮತ್ತೆ ಮತ್ತೆ ಎಳೆದು ಆಚೆ ದಾಟಿಸಿದರು. ಆಚೆ ಬಂದರೆ ನೋವು ನಿಲ್ಲುತ್ತದೆಂದು ಮೈಗೆ ಗೊತ್ತಾದ ಮೇಲೆ ಅವು ತಾವಾಗಿ ಹಾರತೊಡಗಿದವು. ಅಂದರೆ ಉಪದೇಶದಿಂದ ಗುಣವಾಗಲಿಲ್ಲ, ಪ್ರಯತ್ನ ಫಲ ಕೊಟ್ಟದ್ದರಿಂದ ಗುಣವಾಯಿತು. ೨೦೧೬ರಲ್ಲಿ, ಸುಮಾರು ಐವತ್ತು ವರ್ಷಗಳ ಮೇಲೆ, ಅದೇ ಇಬ್ಬರು ಮಿದುಳಿನ ಅಧ್ಯಯನಗಳನ್ನು ಮುಂದಿಟ್ಟುಕೊಂಡು ತಮ್ಮ ಹಳೆಯ ಮಾತನ್ನೇ ತಿರುವಿ ಹಾಕಿದರು: ಅಸಹಾಯಕತೆ ಕಲಿತದ್ದಲ್ಲ, ದೀರ್ಘಕಾಲದ ಯಾತನೆಗೆ ಪ್ರಾಣಿಯ ಸಹಜ ಪ್ರತಿಕ್ರಿಯೆಯೇ ಅದು. ಕಲಿಯಬೇಕಾದದ್ದು ‘ಇದು ನನ್ನ ಹಿಡಿತದಲ್ಲಿದೆ’ ಎಂಬ ಅರಿವು. ಆ ವಿಜ್ಞಾನದ ತಿರುಳೇ ಇದೆಂದು ನಾನು ತಿಳಿಯುತ್ತೇನೆ, ಮಿಕ್ಕದ್ದು ಒಗ್ಗರಣೆ.

ನಾಯಿಯ ಮಾತು ಬೇಡವೆಂದರೆ ನಮ್ಮ ಜಾತಿಯವರದೇ ಇದೆ, ಗುಮಾಸ್ತರದು. ಲಂಡನ್ನಿನ ಸರ್ಕಾರಿ ನೌಕರರ ಆರೋಗ್ಯವನ್ನು ೧೯೬೭ರಿಂದ ಅಳೆದ ‘ವೈಟ್‌ಹಾಲ್’ ಅಧ್ಯಯನದಲ್ಲಿ, ಕೆಳಗಿನ ದರ್ಜೆಯವರು ಹೃದ್ರೋಗದಿಂದ ಸಾಯುವ ಪ್ರಮಾಣ ಮೇಲಿನ ದರ್ಜೆಯವರಿಗಿಂತ ಮೂರು ಪಟ್ಟಿಗೂ ಹೆಚ್ಚೆಂದು ಕಂಡಿತು. ಬೀಡಿ ಸಿಗರೇಟು, ರಕ್ತದೊತ್ತಡಗಳ ಲೆಕ್ಕ ಕಳೆದರೂ ವ್ಯತ್ಯಾಸ ಪೂರ್ತಿ ಅಳಿಯಲಿಲ್ಲ. ೧೯೮೫ರಲ್ಲಿ ೧೦,೩೦೮ ನೌಕರರನ್ನಿಟ್ಟುಕೊಂಡು ಎರಡನೆಯ ಅಧ್ಯಯನ ಶುರುವಾಯಿತು. ಮೈಕೆಲ್ ಮಾರ್ಮಟ್ ಮತ್ತು ಸಂಗಡಿಗರು ೧೯೯೭ರಲ್ಲಿ ಎತ್ತಿ ತೋರಿಸಿದ ಒಂದು ದೊಡ್ಡ ಕಾರಣ, ತನ್ನ ಕೆಲಸದ ಮೇಲೆ ತನಗೆ ಹಿಡಿತವಿಲ್ಲದಿರುವುದು. ಖಾಲಿ ಬಿದ್ದ ಮೂರು ಸೀಟುಗಳ ಕಡತಗಳನ್ನು ಒಬ್ಬನ ಮೇಜಿಗೆ ನೂಕಿ, ಆತನ ಕೈಗೆ ಚೀಟಿ ಕೊಟ್ಟು ‘ಇವತ್ತಿನ ಮೂರು ಒಳ್ಳೆಯ ಸಂಗತಿ ಬರೆಯಿರಿ’ ಎನ್ನುವ ಕಚೇರಿಯನ್ನು ನಾನು ಕಣ್ಣಾರೆ ಬಲ್ಲೆ. ಹೆಸರು ಬೇಡ. ಆತ ಬರೆದ: ‘ಊಟದ ವಿರಾಮ’. ಉಳಿದೆರಡು ಸಾಲು ಖಾಲಿ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಗಾದೆಯ ಮೇಲೆಯೇ ಇಡೀ ವ್ಯಾಪಾರ ನಿಂತಿದೆ: ತಪ್ಪು ಯಾವಾಗಲೂ ಕುಣಿಯುವವಳದೇ. ನೆಲ ನಿಜವಾಗಿಯೂ ಡೊಂಕಿದ್ದರೆ? ೨೦೨೪ರ ಜುಲೈಯಲ್ಲಿ ಇದೇ ಪುಣೆಯಲ್ಲಿ, ಒಂದು ದೊಡ್ಡ ಲೆಕ್ಕಪತ್ರ ಸಂಸ್ಥೆಗೆ ಸೇರಿ ನಾಲ್ಕು ತಿಂಗಳಾಗಿದ್ದ ೨೬ ವರ್ಷದ ಹೆಣ್ಣುಮಗಳು ತೀರಿಕೊಂಡಳು. ಕೆಲಸದ ಹೊರೆಯೇ ಕಾರಣವೆಂದು ತಾಯಿ ಬರೆದ ಪತ್ರವನ್ನು ಸೆಪ್ಟೆಂಬರಿನಲ್ಲಿ ದೇಶವೆಲ್ಲ ಓದಿತು. ಸಂಸ್ಥೆ ಅದನ್ನು ಒಪ್ಪಲಿಲ್ಲ. ಒತ್ತಡ ತಡೆಯುವ ಅಂತಃಶಕ್ತಿಯನ್ನು ಮಕ್ಕಳಿಗೆ ಮನೆಯಲ್ಲಿ ಕಲಿಸಬೇಕೆಂಬ ಅರ್ಥದ ಮಾತು ದೊಡ್ಡವರ ಬಾಯಿಂದ ಬಂತು, ಟೀಕೆಯೂ ಬಂತು. ಆಮೇಲೆ ಕಾರ್ಮಿಕ ಇಲಾಖೆಯವರು ಹೋಗಿ ನೋಡಿದಾಗ, ಆಗ ದಿನಕ್ಕೆ ೯ ಗಂಟೆ, ವಾರಕ್ಕೆ ೪೮ ಗಂಟೆ ಎಂದು ಮಿತಿ ಹಾಕುತ್ತಿದ್ದ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯ ಕೆಳಗೆ ಆ ಕಚೇರಿ ನೋಂದಣಿಯನ್ನೇ ಹೊಂದಿರಲಿಲ್ಲವೆಂದು ಪತ್ರಿಕೆಗಳಲ್ಲಿ ವರದಿಯಾಯಿತು. ಅಂತಃಶಕ್ತಿಯ ಬಗ್ಗೆ ಮಾತಾಡಿದವರು ಈ ನೋಂದಣಿಯ ಬಗ್ಗೆ ಎಷ್ಟು ಮಾತಾಡಿದರು? ನಮ್ಮ ಕಾತ್ರಜದ ಬದಿಯಿಂದ ಇಳಿದು ಬರುವ ಆಂಬಿಲ ಓಢಾ ೨೦೧೯ರ ಸೆಪ್ಟೆಂಬರ್ ೨೫ರ ರಾತ್ರಿ ಉಕ್ಕಿ ಜನರನ್ನೂ ಮನೆಗಳನ್ನೂ ಕೊಚ್ಚಿಕೊಂಡು ಹೋಯಿತು. ಉಳಿದವರು ಕೇಳಿದ್ದು ತಡೆಗೋಡೆಯನ್ನು, ಧೈರ್ಯವಚನವನ್ನಲ್ಲ.

ಹಿರಿಯರೊಬ್ಬರು ‘ನಮ್ಮ ಡಿ.ವಿ.ಜಿ. ಇದನ್ನೆಲ್ಲ ಕಗ್ಗದಲ್ಲಿ ಆಗಲೇ ಹೇಳಿಲ್ಲವೇ, ಎಲ್ಲ ಮನಸ್ಸಿನಲ್ಲಿದೆ’ ಎಂದು ನನಗೆ ಬುದ್ಧಿ ಹೇಳಿದರು. ೧೯೪೩ರಲ್ಲಿ ಬಂದ ‘ಮಂಕುತಿಮ್ಮನ ಕಗ್ಗ’ವನ್ನು ನಗೆಮಾತ್ರೆಯ ಸೀಸೆ ಮಾಡಬೇಡಿ ಸ್ವಾಮಿ. ಅದನ್ನು ಬರೆದವರು ಪತ್ರಕರ್ತರು. ಎರಡು ವರ್ಷದ ಮೇಲೆ, ೧೯೪೫ರಲ್ಲಿ, ಅವರು ಬೆಂಗಳೂರಿನಲ್ಲಿ ಕಟ್ಟಿದ್ದು ಸಂತೋಷದ ಶಿಬಿರವನ್ನಲ್ಲ, ಗೋಖಲೆ ಸಾರ್ವಜನಿಕ ಸಂಸ್ಥೆಯನ್ನು. ಯಾರ ಹೆಸರು ಅದು? ೧೯೦೫ರಲ್ಲಿ ನಮ್ಮ ಇದೇ ಪುಣೆಯಲ್ಲಿ ಭಾರತ ಸೇವಕ ಸಮಾಜವನ್ನು ಸ್ಥಾಪಿಸಿದವರದು. ಮನಸ್ಸನ್ನು ತಿದ್ದಿಕೊಳ್ಳುವವನು ಪುರಸಭೆಯ ಲೆಕ್ಕವನ್ನೂ ಕೇಳಬೇಕೆಂದು ಡಿ.ವಿ.ಜಿ.ಗೆ ಗೊತ್ತಿತ್ತು. ಇನ್ನು ಮನಸ್ಸಿನ ಶಾಸ್ತ್ರವೇ ಕನ್ನಡದಲ್ಲಿ ಬೇಕೆನ್ನುವವರಿಗೆ, ‘ಕೊರವಂಜಿ’ಯ ರಾಶಿಯವರು, ಅಂದರೆ ಡಾ. ಎಂ. ಶಿವರಾಂ ಅವರು ಬರೆದ, ೧೯೭೬ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಮನಮಂಥನ’ ಇದೆ. ನಾಡನ್ನೆಲ್ಲ ನಗಿಸಿದ ವೈದ್ಯರು ಬರೆದದ್ದು ಅದು.

ಈಗ ಅರ್ಜಿ ಕೇಂದ್ರ. ಕಾತ್ರಜ, ಆಂಬೆಗಾಂವ್, ಕೊಂಢವಾ ಕಡೆ ಏಳುತ್ತಿರುವ ಕಟ್ಟಡಗಳ ಪಕ್ಕದ ತಗಡಿನ ಶೆಡ್ಡುಗಳಲ್ಲಿ ಯಾದಗಿರಿ, ಕಲಬುರಗಿ, ವಿಜಯಪುರದ ಕಡೆಯ ಕುಟುಂಬಗಳಿವೆ. ಕನ್ನಡಿಗರೇ, ಆದರೆ ಸಂಘದ ಸದಸ್ಯರಲ್ಲ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿದರೆ ಮಕ್ಕಳ ಓದಿಗೆ, ಅಪಘಾತಕ್ಕೆ ನೆರವುಂಟು. ಅದಕ್ಕೆ ಹಿಂದಿನ ಒಂದು ವರ್ಷದಲ್ಲಿ ೯೦ ದಿನ ಕೆಲಸ ಮಾಡಿದ ದಾಖಲೆ ಬೇಕು, ಅರ್ಜಿ ಮರಾಠಿಯಲ್ಲಿರುತ್ತದೆ, ಆಧಾರಿನಲ್ಲಿ ಒಂದು ಅಕ್ಷರ ಹೆಚ್ಚುಕಡಿಮೆಯಾದರೆ ವಾಪಸು. ಗಾರೆ ಕೆಲಸದ ಒಬ್ಬರನ್ನು ಕೇಳಿದೆ. ‘ಮೂರು ಸಲ ಹೋಗಿ ಬಂದೀನ್ರಿ ಸಾಹೇಬ್ರ, ಏನ್ ಮಾಡಿದ್ರೂ ಅಷ್ಟ ಐತಿ, ಬಿಡ್ರಿ’ ಎಂದರು. ಸೆಲಿಗ್‌ಮನ್ ಅವರ ಪ್ರಯೋಗಶಾಲೆಯನ್ನು ಅವರು ಕಂಡವರಲ್ಲ, ಆದರೂ ನೋಡಿ, ಅದೇ ಮಾತು. ಅವರಿಗೆ ನಾನು ಮೂರು ಒಳ್ಳೆಯ ಸಂಗತಿ ಬರೆಯಲು ಹೇಳಲೇ? ಹೆಸರಿನ ಕಾಗುಣಿತ ಸರಿಪಡಿಸಿ, ಗುತ್ತಿಗೆದಾರನ ಸಹಿ ಹಾಕಿಸಿ, ನಾಲ್ಕನೆಯ ಸಲ ಕಳಿಸಿದ್ದಾಯಿತು. ನೋಂದಣಿ ಬಂದ ಮುಂದಿನ ವಾರ ಅವರೇ ಇನ್ನಿಬ್ಬರನ್ನು ಕೈಹಿಡಿದು ಕರೆತಂದರು. ಸೆಲಿಗ್‌ಮನ್ ಮತ್ತು ಪೀಟರ್‌ಸನ್ ೨೦೦೪ರಲ್ಲಿ ಕೊಟ್ಟ ೨೪ ಗುಣಬಲಗಳ ಪಟ್ಟಿಯಲ್ಲಿ ಅರ್ಜಿ ತುಂಬುವ ಗುಣ ಇಲ್ಲವೆಂಬುದನ್ನು ಒಬ್ಬ ಗುಮಾಸ್ತನಾಗಿ ನಾನು ಪ್ರತಿಭಟಿಸುತ್ತೇನೆ.

ಸಮಿತಿಯವರಲ್ಲಿ ನನ್ನ ಕೇಳಿಕೆ ಇಷ್ಟೇ. ಶಿಬಿರವನ್ನು ಮುಂದಿನ ವರ್ಷಕ್ಕೆ ಹಾಕಿ, ಕೇಂದ್ರವನ್ನು ಈ ವರ್ಷ ತೆರೆಯಿರಿ. ಮೂರು ಸಂಗತಿಯ ಅಭ್ಯಾಸ ಬೇಕಾದವರಿಗೆ ಅದರ ವಿಧಾನವನ್ನು ಇದೇ ಪತ್ರಿಕೆಯ ಅರ್ಧ ಪುಟದಲ್ಲಿ ಹಾಕಬಹುದು. ಬೇಕಾದರೆ ನಾನೇ ಬರೆದುಕೊಡುತ್ತೇನೆ. ಕಾತ್ರಜದಲ್ಲಿ ಒಂದು ಕೋಣೆ, ಎರಡು ಮೇಜು, ನಾಲ್ಕು ಕುರ್ಚಿ, ಜೆರಾಕ್ಸಿನ ಖರ್ಚು, ಇಷ್ಟಾದರೆ ಸಾಕು. ಮೊದಲ ಮೂರು ತಿಂಗಳು ಪ್ರತಿ ಭಾನುವಾರ ಹತ್ತರಿಂದ ಒಂದು ಗಂಟೆಯವರೆಗೆ ನಾನು ಕೂರುತ್ತೇನೆ. ಮರಾಠಿಯನ್ನು ತಪ್ಪಿಲ್ಲದೆ ಬರೆಯಬಲ್ಲ ಇನ್ನಿಬ್ಬರು ಬೇಕು, ಕಲ್ಯಾಣ ಮಂಡಳಿಯ ಅರ್ಜಿಯನ್ನು ಆನ್‌ಲೈನಿನಲ್ಲಿ ಹಾಕಲು ತಿಳಿದ ಒಬ್ಬ ಕಾಲೇಜು ಹುಡುಗ ಅಥವಾ ಹುಡುಗಿ ಬೇಕು. ಬರುವವರು ಈ ತಿಂಗಳ ಕೊನೆಯೊಳಗೆ ಸಂಘದ ಕಚೇರಿಯಲ್ಲಿ ಹೆಸರು ಬರೆಸಬೇಕಾಗಿ ವಿನಂತಿ.