ಕೆರೆಗೆ ಜೆಸಿಬಿ ಇಳಿಸುವ ಮುನ್ನ ಹಕ್ಕಿಗಳ ಪಟ್ಟಿ ನೋಡಿ

ಪ್ರತಿ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಲಾಲ್‌ಬಾಗ್‌ನಲ್ಲಿ ಬೈನಾಕ್ಯುಲರ್ ಹಿಡಿದವರ ಗುಂಪೊಂದು ಸೇರುವುದು ಬೆಂಗಳೂರಿನ ಹಳೆಯ ರೂಢಿ. ಡಾ. ಜೋಸೆಫ್ ಜಾರ್ಜ್ 1972ರಲ್ಲಿ ಕಟ್ಟಿದ ಬರ್ಡ್‌ವಾಚರ್ಸ್ ಫೀಲ್ಡ್ ಕ್ಲಬ್ ಬೆಳೆಸಿದ ಅಭ್ಯಾಸ ಇದು. ಶಾಲಾ ಮಕ್ಕಳು, ನಿವೃತ್ತರು, ಸಾಫ್ಟ್‌ವೇರ್ ನೌಕರರು ಒಂದೇ ಮರದಡಿ ಕತ್ತೆತ್ತಿ ನಿಲ್ಲುತ್ತಾರೆ. ಬಲ್ಲವರು ಹೊಸಬರಿಗೆ ಹೇಳಿಕೊಡುತ್ತಾರೆ.

ಇದು ಬರೀ ಹವ್ಯಾಸವಲ್ಲ. 2023ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ ನಿಂತಿರುವುದೇ ಇಂಥ 30,000ಕ್ಕೂ ಹೆಚ್ಚು ವೀಕ್ಷಕರು ಬರೆದಿಟ್ಟ 3 ಕೋಟಿ ದಾಖಲೆಗಳ ಮೇಲೆ. ದೀರ್ಘಕಾಲದ ಏರಿಳಿತ ಅಳೆಯಲು ಸಾಧ್ಯವಾದ 338 ಪ್ರಭೇದಗಳಲ್ಲಿ 204 ಇಳಿಮುಖವಾಗಿವೆ. ನಮ್ಮ ರಾಜ್ಯಪಕ್ಷಿ ನೀಲಕಂಠವೂ ಆ ಸಾಲಿನಲ್ಲಿದೆ. ಯಾವ ಇಲಾಖೆಯೂ ಊರೂರಿನ ಕೆರೆ, ತೋಟಗಳಿಗೆ ಇಷ್ಟು ಜನರನ್ನು ವರ್ಷಗಟ್ಟಲೆ ಕಳಿಸಲಾರದು.

ಆದರೂ ನಗರದ ಕೆರೆಗಳ ‘ಅಭಿವೃದ್ಧಿ’ ಯೋಜನೆ ಬರೆಯುವಾಗ ಈ ದಾಖಲೆಗಳನ್ನು ತೆರೆದು ನೋಡುವವರು ವಿರಳ. ಬೆಂಗಳೂರಿನ ಕೆರೆಗಳು ಮೂಲದಲ್ಲಿ ಬೇಸಾಯದ ಕೆರೆಗಳು. ಒಂದು ಕಡೆ ಏರಿ, ಏರಿಯ ಬುಡದಲ್ಲಿ ಆಳ. ಎದುರಿನ ದಡದತ್ತ ಹೋದಂತೆ ನೀರು ತೆಳುವಾಗಿ, ಕೊನೆಗೆ ಬರೀ ಕೆಸರು. ಹಕ್ಕಿಗಳ ಬದುಕು ಇರುವುದು ಈ ಇಳಿಜಾರಿನಲ್ಲೇ. ಗದ್ದೆ ಗೊರವಕ್ಕೆ ಕಾಲು ಮುಳುಗುವಷ್ಟು ನೀರು ಸಾಕು, ಅದಕ್ಕಿಂತ ಆಳವಾದರೆ ಮೇವಿಲ್ಲ. ಗುಳುಮುಳುಕ, ಜಂಬುಕೋಳಿಗಳು ಗೂಡು ಕಟ್ಟುವುದು ಜೊಂಡಿನ ಮರೆಯಲ್ಲಿ. ಜೆಸಿಬಿ ಇಳಿದು ಇಡೀ ಕೆರೆಯನ್ನು ಒಂದೇ ಆಳಕ್ಕೆ ತೋಡಿ, ಅಂಚಿಗೆ ಕಲ್ಲು ಕಟ್ಟಿ, ಜೊಂಡು ಕಿತ್ತು, ಸುತ್ತಲೂ ನಡಿಗೆ ಪಥ ಮತ್ತು ದೀಪ ಹಾಕಿದ ಮೇಲೆ ಉಳಿಯುವುದು ಮೀನು ಹಿಡಿಯಲು ಮುಳುಗಬಲ್ಲ ನೀರುಕಾಗೆಯಂಥ ಕೆಲವೇ ಹಕ್ಕಿಗಳು.

ಹೂಳು ತೆಗೆಯಲೇಬಾರದು ಎನ್ನುವುದು ವಾದವಲ್ಲ. ಚರಂಡಿ ನೀರು ತುಂಬಿದ ಕೆರೆಯನ್ನು ಶುದ್ಧಮಾಡಲೇಬೇಕು. ಆದರೆ ಒಂದು ದಡವನ್ನಾದರೂ ಪಥವಿಲ್ಲದೆ, ದೀಪವಿಲ್ಲದೆ ಇಳಿಜಾರಾಗಿಯೇ ಬಿಡುವುದು ಹೆಚ್ಚು ಖರ್ಚಿನ ಮಾತೇನೂ ಅಲ್ಲ. ಮಳೆಗಾಲದಲ್ಲಿ ಜೊಂಡಿನಲ್ಲಿ ಮರಿಗಳಿರುತ್ತವೆ, ಚಳಿಗಾಲದಲ್ಲಿ ವಲಸೆ ಹಕ್ಕಿಗಳು ಬಂದಿರುತ್ತವೆ. ಕೆಲಸಕ್ಕೆ ಏಪ್ರಿಲ್‌–ಮೇ ತಿಂಗಳು ಆರಿಸಿಕೊಂಡರೆ ಎರಡಕ್ಕೂ ಪೆಟ್ಟು ಕಡಿಮೆ.

ಇದು ಆಗದ ಮಾತೇನಲ್ಲ. ಯಲಹಂಕದ ಪುಟ್ಟೇನಹಳ್ಳಿ ಕೆರೆಯನ್ನು ಸರ್ಕಾರ 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ಊರು ಬೆಳೆದು ಸುತ್ತುವರಿದ ಕೆರೆಯಲ್ಲೂ ಹಕ್ಕಿಗೆ ಕಾನೂನಿನ ಜಾಗ ಕೊಡಬಹುದು ಎಂಬುದಕ್ಕೆ ಅದೇ ಸಾಕ್ಷಿ. ಇನ್ನು ಮುಂದೆ ಪ್ರತಿ ಕೆರೆಯ ಯೋಜನಾ ವರದಿಗೂ ಅಲ್ಲಿನ ಹಕ್ಕಿಗಳ ಪಟ್ಟಿ ಲಗತ್ತಿಸುವುದು ಕಡ್ಡಾಯವಾಗಬೇಕು.

ಪಟ್ಟಿಯೇ ಇಲ್ಲದ ಕೆರೆಗಳಲ್ಲಿ ನಿವಾಸಿಗಳೇ ಶುರುಮಾಡಬಹುದು. ಪ್ರತಿ ಫೆಬ್ರುವರಿಯಲ್ಲಿ ನಾಲ್ಕು ದಿನ ‘ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್’ ನಡೆಯುತ್ತದೆ. ಕನಿಷ್ಠ 15 ನಿಮಿಷ ಒಂದೆಡೆ ನಿಂತು ಕಂಡದ್ದನ್ನು ಎಣಿಸಿ ಬರೆದರೆ ಆಯಿತು. ಆ ಹಾಳೆಯನ್ನೇ ಮುಂದಿನ ವಾರ್ಡ್ ಸಮಿತಿ ಸಭೆಗೆ ಒಯ್ದು, ಎಂಜಿನಿಯರ್‌ರ ಮೇಜಿನ ಮೇಲೆ ನಕ್ಷೆಯ ಪಕ್ಕದಲ್ಲಿ ಇಡಬೇಕು.