ಹತ್ತೋ ಪ್ಲ್ಯಾನ್ ಎಲ್ಲರ ಹತ್ರ ಐತಿ, ಇಳಿಯೋ ಪ್ಲ್ಯಾನ್ ಎಲ್ಲಿ?

ಹೋದ ತಿಂಗಳು ನಮ್ಮ ತಾಲೂಕಿನ ಗೆಳೆಯನೊಬ್ಬ ವಾಟ್ಸಾಪ್ ಗುಂಪಿಗೆ ಒಂದು ಜಾಹೀರಾತು ಹಾಕಿ, "ಹೋಗೂಣೇನ್ರಪಾ?" ಅಂತ ಕೇಳಿದ. ಹಿಮದ ಬೆಟ್ಟ, ಹಳದಿ ಟೆಂಟು, ಕೈ ಮೇಲೆತ್ತಿ ನಿಂತ ಹುಡುಗರು. ಕೆಳಗೆ ದಪ್ಪ ಅಕ್ಷರದಲ್ಲಿ: ಐದು ರಾತ್ರಿ, ಆರು ಹಗಲು, 13 ಸಾವಿರ ಅಡಿ. ಅನುಭವ ಬೇಕಿಲ್ಲ.

ನಾವು ಆ ನಂಬರಿಗೆ ಫೋನ್ ಮಾಡಿ ಮೂರೇ ಪ್ರಶ್ನೆ ಕೇಳಿದೆವು. ತುದಿ ಮುಟ್ಟುವ ದಿನ ಎಷ್ಟು ಗಂಟೆಗೆ ವಾಪಸ್ ತಿರುಗುತ್ತೀರಿ? ಒಬ್ಬನಿಗೆ ಅರ್ಧ ದಾರಿಯಲ್ಲಿ ಹುಷಾರಿಲ್ಲದಂತಾದರೆ ಅವನ ಜೊತೆ ಯಾರು ಇಳಿಯುತ್ತಾರೆ? ಹವಾಮಾನ ಕೆಟ್ಟರೆ ಕಾಯಲು ಹೆಚ್ಚಿನ ದಿನ ಇದೆಯಾ? ಮೂರಕ್ಕೂ ಬಂದದ್ದು ಒಂದೇ ಉತ್ತರ: "ಏನೂ ಆಗಲ್ಲ ಸರ್, ಚಿಂತೆ ಮಾಡ್ಬೇಡಿ."

ಈ "ಏನೂ ಆಗಲ್ಲ" ಎಂಬ ಮಾತಿನ ಮೇಲೆಯೇ ನಮ್ಮ ಜಗಳ.

2024ರ ಜೂನ್ ನೆನಪು ಮಾಡಿಕೊಳ್ಳಿ. ಉತ್ತರಾಖಂಡದ ಸಹಸ್ರತಾಲ್ ಎಂಬ ಸರೋವರಕ್ಕೆ 22 ಜನರ ತಂಡ ಹೋಗಿತ್ತು. ಗೈಡ್‌ಗಳನ್ನು ಬಿಟ್ಟರೆ ಹೆಚ್ಚುಕಡಿಮೆ ಎಲ್ಲರೂ ಕರ್ನಾಟಕದವರು. ಜಾಗ 14 ಸಾವಿರ ಅಡಿಗೂ ಮೇಲೆ. ಜೂನ್ 4ರಂದು, ದೇಶವೆಲ್ಲ ಲೋಕಸಭಾ ಚುನಾವಣೆಯ ಎಣಿಕೆ ನೋಡುತ್ತ ಟಿವಿ ಮುಂದೆ ಕುಳಿತಿದ್ದ ದಿನ, ಅವರು ವಾಪಸ್ ಬರುವಾಗ ಹಿಮಗಾಳಿ ಎದ್ದಿತು. ದಾರಿ ಕಾಣಲಿಲ್ಲ. ಬಯಲಲ್ಲೇ ರಾತ್ರಿ ಕಳೆಯಬೇಕಾಯಿತು. ನೆಟ್‌ವರ್ಕ್ ಸಿಗುವ ಜಾಗದವರೆಗೆ ಗೈಡ್ ನಡೆದುಹೋಗಿ ಸುದ್ದಿ ಮುಟ್ಟಿಸಬೇಕಾಯಿತು. ವಾಯುಸೇನೆಯ ಹೆಲಿಕಾಪ್ಟರ್, ಅಲ್ಲಿನ ವಿಪತ್ತು ಪಡೆ ಹೋದವು. ನಮ್ಮ ಕಂದಾಯ ಸಚಿವ ಕೃಷ್ಣ ಬೈರೇಗೌಡರು ಡೆಹ್ರಾಡೂನಿಗೆ ಓಡಿದರು. 13 ಜನ ಉಳಿದರು. 9 ಜನ ಹೆಣವಾಗಿ ಬಂದರು.

ಸತ್ತವರನ್ನು ದೂರುವುದು ನಮ್ಮ ಕೆಲಸವಲ್ಲ. ಅವರಲ್ಲಿ ವರ್ಷಗಟ್ಟಲೆ ಬೆಟ್ಟ ಹತ್ತಿದ ಅನುಭವಿಗಳಿದ್ದರು. ನಮ್ಮ ಸಿಟ್ಟು ಆಮೇಲೆ ಕೇಳಿಬಂದ ಎರಡು ಮಾತುಗಳ ಮೇಲೆ. ಒಂದು, "ವಯಸ್ಸಾದವರು ಯಾಕೆ ಹೋಗಬೇಕಿತ್ತು?" ಇನ್ನೊಂದು, "ಹವಾಮಾನ ಯಾರ ಕೈಯಾಗೈತಿ, ಹಣೆಬರಹ."

ಹಣೆಬರಹ ಎನ್ನುವವರು ಬ್ಯಾಡಗಿ ಕಡೆ ಬಂದು ನೋಡಲಿ. ಕಣದಲ್ಲಿ ಮೆಣಸಿನಕಾಯಿ ಒಣಗಲು ಹಾಕಿದ ರೈತ ಮೋಡ ಕಂಡ ಕೂಡಲೇ ತಾಡಪತ್ರಿ ಎಳೆಯುತ್ತಾನೆ. ಮಳೆ ಅವನ ಕೈಯಲ್ಲಿಲ್ಲ, ತಾಡಪತ್ರಿ ಅವನ ಕೈಯಲ್ಲಿದೆ. ಮೋಡ ಬರಬಹುದು ಅಂತ ಮೊದಲೇ ಗೊತ್ತಿದ್ದಕ್ಕೇ ಅದನ್ನು ಕಣದ ಬದಿಗೆ ಇಟ್ಟುಕೊಂಡಿರುತ್ತಾನೆ. ಬೆಟ್ಟ ಹತ್ತುವವರ ಪ್ಲ್ಯಾನ್ ಎಂದರೆ ಈ ತಾಡಪತ್ರಿ. ಎಷ್ಟು ಎತ್ತರ ಹೋಗುತ್ತೇವೆ ಎನ್ನುವುದು ಪ್ಲ್ಯಾನ್ ಅಲ್ಲ. ಎಲ್ಲಿ ನಿಲ್ಲುತ್ತೇವೆ, ಯಾವಾಗ ತಿರುಗುತ್ತೇವೆ, ಹೇಗೆ ಇಳಿಯುತ್ತೇವೆ ಎನ್ನುವುದೇ ಪ್ಲ್ಯಾನ್.

ಮೊದಲು ಎತ್ತರದ ಲೆಕ್ಕ. ರಾಣೆಬೆನ್ನೂರು ಇರುವುದು ಸುಮಾರು 2,000 ಅಡಿ ಎತ್ತರದಲ್ಲಿ. ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ ಸುಮಾರು 6,300 ಅಡಿ. ಎತ್ತರದ ಕಾಯಿಲೆ ಸಾಮಾನ್ಯವಾಗಿ ಶುರುವಾಗುವುದೇ 8 ಸಾವಿರ ಅಡಿ ದಾಟಿದ ಮೇಲೆ. ಅಂದರೆ ಕರ್ನಾಟಕದ ಯಾವ ಬೆಟ್ಟ ಹತ್ತಿದರೂ ಹಿಮಾಲಯದ ಎತ್ತರದ ಅಭ್ಯಾಸ ಆಗುವುದಿಲ್ಲ. ಕಾಲಿಗೆ ಆಗಬಹುದು, ರಕ್ತಕ್ಕೆ ಆಗುವುದಿಲ್ಲ. "ಕುಮಾರಪರ್ವತ ಹತ್ತೀರಲ್ಲ, ಸಾಕು ಬಿಡ್ರಿ" ಎನ್ನುವ ಏಜೆಂಟನ ಮಾತು ಸುಳ್ಳು.

14 ಸಾವಿರ ಅಡಿಯಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಸುಮಾರು ಶೇ. 60 ಮಾತ್ರ. ಇದಕ್ಕೆ ಮೈ ಒಗ್ಗಲು ದಿನಗಳು ಬೇಕು. ದಿನಾ ಓಡುವ ಗಟ್ಟಿ ಹುಡುಗನಿಗೂ ಬೇಕು. 10 ಸಾವಿರ ಅಡಿ ದಾಟಿದ ಮೇಲೆ ಹಿಂದಿನ ರಾತ್ರಿ ಮಲಗಿದ ಜಾಗಕ್ಕಿಂತ ಸುಮಾರು 1,600 ಅಡಿಗಿಂತ ಹೆಚ್ಚು ಮೇಲೆ ಮಲಗಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ಏರದೆ ನಿಲ್ಲಬೇಕು ಎಂಬುದು ವೈದ್ಯರ ಸಲಹೆ. ತಲೆನೋವು, ವಾಂತಿ ಬಂದರೆ ಮೇಲೆ ಹೋಗಬಾರದು. ನಡಿಗೆ ತೂರಾಡಿದರೆ, ಕುಳಿತಲ್ಲೇ ಏದುಸಿರು ಬಂದರೆ ಆ ಕ್ಷಣವೇ ಇಳಿಸಬೇಕು. ಮಿದುಳಿಗೋ ಶ್ವಾಸಕೋಶಕ್ಕೋ ನೀರು ತುಂಬಿಕೊಂಡರೆ ಜೀವ ಹೋಗುತ್ತದೆ.

ನಮ್ಮ ಮಾತು ನಂಬದಿದ್ದರೆ ನಿಮ್ಮ ಊರಿನ ಫೌಜಿಯನ್ನು ಕೇಳಿ. ಸೇನೆ ತನ್ನ ಜವಾನನನ್ನು 9ರಿಂದ 12 ಸಾವಿರ ಅಡಿಯ ನಡುವೆ 6 ದಿನ ಒಗ್ಗಿಸುತ್ತದೆ. 12ರಿಂದ 15 ಸಾವಿರಕ್ಕೆ ಮತ್ತೆ 4 ದಿನ. ಅದರ ಮೇಲಕ್ಕೆ ಇನ್ನೂ 4 ದಿನ. ತರಬೇತಿ ಪಡೆದ ಜವಾನನಿಗೇ ಇಷ್ಟು ದಿನ ಬೇಕಾದರೆ, ಅಂಗಡಿಯಲ್ಲಿ, ಆಫೀಸಿನಲ್ಲಿ ಕುಳಿತ ನಮ್ಮ ಹುಡುಗರಿಗೆ ಹೋಗಿಬರುವುದೂ ಸೇರಿ ಆರೇ ಹಗಲು ಸಾಕೇ? ನೀವೇ ಹೇಳ್ರಿ.

ಎರಡನೆಯದು ಗಡಿಯಾರದ ಲೆಕ್ಕ. 1996ರ ಮೇ 10ರಂದು ಎವರೆಸ್ಟಿನಲ್ಲಿ ಹೆಚ್ಚೆಂದರೆ ಮಧ್ಯಾಹ್ನ 2 ಗಂಟೆಗೆ, ಎಲ್ಲಿದ್ದರೂ ಸರಿ, ತಿರುಗಬೇಕು ಎಂಬ ಮಾತಿತ್ತು. ಹಲವರು ಗಂಟೆ ಮೀರಿದರೂ ಹತ್ತುತ್ತಲೇ ಹೋದರು. ಸಂಜೆ ಬಿರುಗಾಳಿ ಬಂತು. 8 ಜನ ಸತ್ತರು. ಅವರಲ್ಲಿ ಎರಡು ತಂಡಗಳ ನಾಯಕರೂ ಇದ್ದರು. ಎಂಥ ಪರಿಣತನೂ ತುದಿ ಕಣ್ಣೆದುರು ಕಂಡಾಗ ಗಂಟೆ ನೋಡುವುದಿಲ್ಲ. ಅದಕ್ಕೇ ತಿರುಗುವ ಗಂಟೆಯನ್ನು ಕೆಳಗೆ ಇರುವಾಗಲೇ ಬರೆದಿಡಬೇಕು.

ಎಲ್ಲ ಸಾವನ್ನೂ ಪ್ಲ್ಯಾನ್ ತಪ್ಪಿಸುತ್ತದೆ ಎಂದು ನಾವು ಹೇಳುವುದಿಲ್ಲ. 2022ರ ಅಕ್ಟೋಬರಿನಲ್ಲಿ ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ತರಬೇತಿ ತಂಡವೇ 'ದ್ರೌಪದಿ ಕಾ ದಂಡಾ' ಶಿಖರದಲ್ಲಿ ಹಿಮಪಾತಕ್ಕೆ ಸಿಕ್ಕಿತು. 29 ಜನ ಹೋದರು. ಕಲಿಸುವವರೇ ಜೊತೆಗಿದ್ದರೂ ಹೀಗಾಗುವ ಜಾಗಕ್ಕೆ "ಅನುಭವ ಬೇಕಿಲ್ಲ" ಎಂದು ಟಿಕೆಟ್ ಮಾರುವವರಿಗೆ ಏನನ್ನಬೇಕು?

"ಹಂಗಾದ್ರ ಹಳ್ಳಿ ಹುಡುಗ್ರಿಗೆ ಹಿಮಾಲಯದ ಉಸಾಬರಿ ಯಾಕ?" ಎಂದು ಹಿರಿಯರು ಕೇಳುತ್ತಾರೆ. ಈ ಮಾತನ್ನೂ ನಾವು ಒಪ್ಪುವುದಿಲ್ಲ. ಇಲ್ಲೇ ಪಕ್ಕದ ಧಾರವಾಡ ಜಿಲ್ಲೆ ಕುಂದಗೋಳ ತಾಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನಲ್ಲಿ 19 ಸಾವಿರ ಅಡಿಗೂ ಮೇಲೆ ಹಿಮದಡಿ ಸಿಕ್ಕಿ, ಆರು ದಿನ ಜೀವ ಹಿಡಿದುಕೊಂಡಿದ್ದರು. ಫೆಬ್ರುವರಿ 11ರಂದು ದಿಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಕೆಲಸಕ್ಕೆ ಕಳಿಸುವಾಗ ಹಿಮಾಲಯ ನಮ್ಮದು, ನೋಡಲು ಹೋಗುವಾಗ ಮಾತ್ರ ಪಟ್ಟಣದವರದ್ದಾ? ಹಳ್ಳಿ ಹುಡುಗರು, ಹುಡುಗಿಯರು ಹೋಗಲಿ. ಹಾದಿ ಲೆಕ್ಕ ಹಾಕಿ ನಡೆಯುವುದು ನಮಗೆ ಹೊಸದೂ ಅಲ್ಲ. ಕುರಿ ಹಿಂಡು ಹೊಡೆದುಕೊಂಡು ಊರೂರು ತಿರುಗುವ ನಮ್ಮ ಕುರಿಗಾರರು ನೀರೆಲ್ಲಿ, ಮೇವೆಲ್ಲಿ, ರಾತ್ರಿ ತಂಗುವುದೆಲ್ಲಿ ಎಂದು ಮೊದಲೇ ನೋಡಿಕೊಂಡೇ ಹಿಂಡು ಎಬ್ಬಿಸುತ್ತಾರೆ. ಆ ಬುದ್ಧಿಯನ್ನು ಮನೆಯಲ್ಲಿ ಬಿಟ್ಟು ಬರೀ ಮೊಬೈಲ್ ಹಿಡಿದು ಹೋಗುವುದು ಬೇಡ.

ಇನ್ನು ಸರಕಾರಕ್ಕೆ ಎರಡು ಮಾತು. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಸಾವಿರಾರು ಜನ ಒಮ್ಮೆಲೇ ನುಗ್ಗಿದ ವಿಡಿಯೊ ಹರಿದಾಡಿದ ಮೇಲೆ ಅರಣ್ಯ ಇಲಾಖೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್, ದಿನಕ್ಕೆ 300 ಜನರ ಮಿತಿ ತಂದಿತು. ಒಳ್ಳೆಯದು. ಆದರೆ ತಲೆ ಎಣಿಸಿದರೆ ಸಾಲದು. ಕರ್ನಾಟಕದಲ್ಲಿ ಜನರನ್ನು ಸೇರಿಸಿ ಹಿಮಾಲಯಕ್ಕೆ ಕರೆದೊಯ್ಯುವ ಪ್ರತಿಯೊಬ್ಬರೂ ತಂಗುವ ಜಾಗ, ಎತ್ತರ, ತಿರುಗುವ ಗಂಟೆ, ಇಳಿಸುವ ವ್ಯವಸ್ಥೆ ಎಲ್ಲವನ್ನೂ ಬರೆದು ಕೊಡಬೇಕು ಎಂಬ ನಿಯಮ ಬರಲಿ. ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ನಮ್ಮ ರಾಜ್ಯದ್ದೇ ಸಂಸ್ಥೆ. ಅದು ಹಾವೇರಿ, ರಾಣೆಬೆನ್ನೂರಿನ ಕಾಲೇಜುಗಳಿಗೂ ಬಂದು ಕನ್ನಡದಲ್ಲಿ ಇದನ್ನೆಲ್ಲ ಹೇಳಲಿ. ಮತ್ತೊಂದು: ಅನುಮತಿ ಇಲ್ಲದೆ ಉಪಗ್ರಹ ಫೋನ್ ಇಟ್ಟುಕೊಳ್ಳುವುದು ನಮ್ಮ ದೇಶದಲ್ಲಿ ಅಪರಾಧ. ಭದ್ರತೆಗೆ ಅದು ಬೇಕಿರಬಹುದು. ಹಾಗಿದ್ದರೆ ನೋಂದಣಿಯಾದ ಗೈಡ್‌ಗಳಿಗೆ ಸರಕಾರವೇ ಲೈಸೆನ್ಸ್ ಕೊಟ್ಟು ಕೈಗೆ ಕೊಡಲಿ. ಹಿಮದಲ್ಲಿ ಜನ ಸಾಯುತ್ತಿರುವಾಗ ಒಬ್ಬ ಮನುಷ್ಯ ನೆಟ್‌ವರ್ಕ್ ಹುಡುಕಿ ನಡೆಯುವ ಸ್ಥಿತಿ ಇನ್ನೊಮ್ಮೆ ಬೇಡ.

ಗೆಳೆಯನ ಕಥೆ ಏನಾಯಿತು ಅಂತೀರಾ? ಅವನ ಅವ್ವ ಆಕಳು ಮಾರಿ ಉಳಿಸಿದ್ದ ದುಡ್ಡು ಕೊಡಲು ಒಪ್ಪಿದ್ದರು. ನಾವು ಆ ಮೂರು ಪ್ರಶ್ನೆಯನ್ನು ಅವನ ಕೈಲೇ ಮತ್ತೊಮ್ಮೆ ಕೇಳಿಸಿದೆವು. ಮತ್ತೆ ಅದೇ "ಏನೂ ಆಗಲ್ಲ." ಅವನು ದುಡ್ಡು ಕಟ್ಟಲಿಲ್ಲ. ಈಗ ದಿನ ಹೆಚ್ಚಿರುವ, ಪ್ರಶ್ನೆಗೆ ಉತ್ತರ ಬರೆದು ಕೊಡುವ ತಂಡ ಹುಡುಕುತ್ತಿದ್ದಾನೆ. ಸಿಕ್ಕರೆ ನಾವೂ ಇಬ್ಬರು ಜೊತೆಗೆ ಹೋಗುವವರಿದ್ದೇವೆ.

ನಿಮ್ಮ ಮನೆಯ ಹುಡುಗನೂ ಇಂಥ ಜಾಹೀರಾತು ತೋರಿಸಿದರೆ ಬೈಯಬೇಡಿ, ಬೇಡ ಅನ್ನಬೇಡಿ. "ಇಳಿಯೋದು ಹೆಂಗಪಾ, ಅದನ್ನ ಮೊದ್ಲು ಹೇಳು" ಅಂತ ಕೇಳಿ. ಉತ್ತರ ಬಂದ ಮೇಲೆ ದುಡ್ಡು ಕೊಡಿ.